ಬಿನ್ನಿಪೇಟೆಯ ಬಾಯಿಬಡುಕನೂ ನಮ್ಮ ಮಾವನೂ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಬ್ಬನೇ ಒಬ್ಬ ಮನುಷ್ಯನ ಯಶಸ್ಸನ್ನು ಸಹಿಸಿಕೊಂಡರು. ಆ ಮನುಷ್ಯ ನಮ್ಮ ವಂಶದವನಾಗಿರಲಿಲ್ಲ ಎಂಬುದು ವಂಶದ ದುರದೃಷ್ಟ!

ಉಳಿದವರ ಏಳಿಗೆ ಅವರಿಗೆ ಅಜೀರ್ಣ ತರುತ್ತಿತ್ತು. ಎದುರುಮನೆಯವರು ಸ್ಕೂಟರ್ ತಂದರೆ "ಸೆಕೆಂಡ್ ಹ್ಯಾಂಡ್ ಇರ್ಬೇಕು" ಎನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ "ಈ ವರ್ಷ ಪೇಪರ್ ಸುಲಭ ಇತ್ತಂತೆ" ಎಂದರು. ನಮ್ಮ ಅತ್ತೆ, ಅಂದರೆ ಅವರ ಧರ್ಮಪತ್ನಿ, ಹೊಲಿಗೆ ಪರೀಕ್ಷೆ ಕಟ್ಟಿ ಎಲ್ಲರಿಗಿಂತ ಮೊದಲಾಗಿ ಪಾಸಾಗಿ, ಸರ್ಟಿಫಿಕೇಟು ಹಿಡಿದು ಬಾಗಿಲಲ್ಲಿ ನಿಂತಾಗ ಮಾವ ಪೇಪರಿನಿಂದ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟ್ ಜನ ಬರ್ದಿದ್ರು?"

ಅತ್ತೆ ಸರ್ಟಿಫಿಕೇಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟರು. ಅದು ಮತ್ತೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ.

ಇಂಥ ಮಾವ ಎಂಬತ್ತರ ದಶಕದ ಒಂದು ಭಾನುವಾರ ರಾಜಾಜಿನಗರದ ತಮ್ಮ ಮನೆಯಿಂದ ವಿಜಯನಗರದ ನನ್ನ ರೂಮಿನವರೆಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ನಡೆದು ಬಂದರು. ಬಸ್ಸಿನಲ್ಲಿ ಕುಲುಕಿದರೆ ಕ್ಯಾಸೆಟ್ಟು ಹಾಳಾಗುತ್ತದಂತೆ! ಬಂದವರೇ ನನ್ನ ಮಂಚದ ಮೇಲೆ ಅದನ್ನು ಕೂರಿಸಿ, ತಾವು ನೆಲದ ಮೇಲೆ ಕೂತು, "ಕೇಳು, ಮಧ್ಯ ಉಸಿರು ಬಿಡ್ಬೇಡ" ಎಂದರು.

ತಮಟೆಯ ಸದ್ದು ಶುರುವಾಯಿತು. ಅದರ ಮೇಲೆ ಒಬ್ಬ ಗಂಡಸು ಹಾಡಲಿಲ್ಲ, ಬಡಬಡನೆ ಮಾತಾಡಿದ. ರಾಗವಿಲ್ಲ, ಆಲಾಪವಿಲ್ಲ, ಬರೀ ತಾಳ, ಬರೀ ಪ್ರಾಸ.

"ನೂಲು ತೆಗ್ದೋನು ನಾನು, ಬಟ್ಟೆ ನೇಯ್ದೋನು ನಾನು,
ಅಂಗ್ಡೀಲ್ ಅದನ್ನೇ ಮುಟ್ಟಕ್ ಹೋದ್ರೆ ‘ದೂರ ನಿಲ್ಲು ನೀನು!’"

ಈಗಿನ ಹುಡುಗರು ಇದಕ್ಕೆ ರ‍್ಯಾಪ್ ಎನ್ನುತ್ತಾರೆ. ಆಗ ಆ ಪದ ನಮ್ಮ ಕಡೆ ಬಂದಿರಲಿಲ್ಲ. ಅತ್ತೆ ಇದನ್ನು ‘ವಟವಟ’ ಎನ್ನುತ್ತಿದ್ದರು. ಹೀಗೆ ವಟಗುಟ್ಟಿದವನು ಬಿನ್ನಿಪೇಟೆಯ ಒಬ್ಬ ಮಿಲ್ ಕಾರ್ಮಿಕ. ಯಾವ ಕಂಪನಿಯ ಹಂಗೂ ಇಲ್ಲದೆ, ತಾನೇ ಪದ ಕಟ್ಟಿ, ಸ್ನೇಹಿತರ ಕೈಯಲ್ಲಿ ತಮಟೆ ಬಡಿಸಿ, ಕ್ಯಾಸೆಟ್ಟು ಮಾಡಿ ಚೀಲದಲ್ಲಿಟ್ಟುಕೊಂಡು ಮಾರುತ್ತಿದ್ದ. ಪದ ಚೆನ್ನಾಗಿತ್ತು. ಅದನ್ನು ನಾನು ಅಂದೂ ಒಪ್ಪಿದೆ, ಇಂದೂ ಒಪ್ಪುತ್ತೇನೆ. ಆದರೆ ಮಾವನಿಗೆ ಒಪ್ಪಿಗೆ ಸಾಲದು. ಅವರಿಗೆ ಬೇಕಾಗಿದ್ದುದು ಶರಣಾಗತಿ!

ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಯಾರು, ಎಲ್ಲಿ, ಯಾವಾಗ ಎಂದು ಕೇಳದೆ ಒಂದು ಸಾಲನ್ನೂ ಮುಂದಕ್ಕೆ ಬಿಡದ ಕೆಲಸ. ಮಾವ ವಾರಕ್ಕೊಂದು ಸುದ್ದಿ ತರುತ್ತಿದ್ದರು.

"ಬರ್ಕೊಳೋ. ಮಾರೇನಹಳ್ಳೀಲಿ ಜನ ಟೀ ಅಂಗಡಿ ಮುಂದೆ ನಿಂತು ಅವನ ಹೊಸ ಕ್ಯಾಸೆಟ್ಟು ಕೇಳ್ತಾ ಇದಾರೆ!"

"ಕ್ಯಾಸೆಟ್ಟು ಅಂಗಡಿಯವನಿಗೆ ಕೊಟ್ಟಿದ್ದು ಯಾರು ಮಾವ?"

"ನಾನೇ."

"ನಿಂತು ಕೇಳಿದ್ದು?"

"ಶುರೂಗೆ ನಾನು ನಿಂತೆ."

"ಆಮೇಲೆ?"

"ಆಮೇಲೆ ಮಳೆ ಬಂತು, ಇನ್ನೂ ನಾಲ್ಕ್ ಜನ ಬಂದ್ ನಿಂತ್ರು."

ಇದು ಸುದ್ದಿಯಲ್ಲ ಎಂದರೆ ಅವರು ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಇಡೀ ಪತ್ರಿಕೋದ್ಯಮಕ್ಕೆ ಛೀಮಾರಿ ಇರುತ್ತಿತ್ತು. "ಮಂತ್ರಿ ಕೆಮ್ಮಿದ್ರೆ ಹಾಕ್ತೀರಲ್ಲೋ!" ಎನ್ನುತ್ತಿದ್ದರು. ನಿಜ, ಹಾಕುತ್ತಿದ್ದೆವು.

ಪತ್ರಿಕೆ ಕೈಕೊಟ್ಟ ಮೇಲೆ ಮಾವ ಪ್ರಚಾರವನ್ನು ತಾವೇ ಕೈಗೆತ್ತಿಕೊಂಡರು. ಪಕ್ಕದ ಮನೆಯಿಂದ ಇನ್ನೊಂದು ಟೇಪ್ ರೆಕಾರ್ಡರ್ ಕಡ ತಂದು, ಎರಡನ್ನೂ ಊಟದ ಮನೆಯ ನೆಲದ ಮೇಲೆ ಎದುರುಬದುರು ಕೂರಿಸಿದರು. ಒಂದು ಹಾಡಬೇಕು, ಇನ್ನೊಂದು ಕೇಳಿಸಿಕೊಳ್ಳಬೇಕು. ನಡುವೆ ತಂತಿ ಹಾಕಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಹೇಳಿದವರ ಮಾತನ್ನು ಕೇಳುವ ಜಾಯಮಾನವೂ ಅವರದಲ್ಲ. ಪ್ರತಿ ಕ್ಯಾಸೆಟ್ಟಿಗೆ ಒಂದು ಗಂಟೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ಪಾತ್ರೆ ಇಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮು ತಡೆಯುತ್ತ ಅಕ್ಕಿ ಆರಿಸುತ್ತಿದ್ದರು.

ಆದರೆ ಬೀದಿಗೆ ಸೀಮೆಎಣ್ಣೆ ಗಾಡಿ ಬಂದರೆ? ಅದು ತಪ್ಪಿದರೆ ಆ ವಾರ ಒಲೆ ಹಚ್ಚುವುದು ಹೇಗೆ? ಮಾವ ಅತ್ಯಂತ ಶ್ರದ್ಧೆಯಿಂದ ತೆಗೆದ ಪ್ರತಿಯಲ್ಲಿ, ಮಿಲ್ಲಿನ ಪದ ಮುಗಿದು ತಮಟೆ ಒಂದು ಕ್ಷಣ ನಿಂತ ಜಾಗಕ್ಕೆ ಸರಿಯಾಗಿ, ಅತ್ತೆಯ ಕಂಚಿನ ಕಂಠ ಮೊಳಗಿತು: "ರೀ, ಸೀಮೆಎಣ್ಣೆ ಬಂತೂ! ಕ್ಯಾನ್ ತಗೊಂಡ್ ಓಡ್ರೀ!"

ಮಾವ ಆ ಒಂದು ಪ್ರತಿಯಿಂದಲೇ ಉಳಿದ ಪ್ರತಿಗಳನ್ನು ತೆಗೆದಿದ್ದರು. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಅವರ ಬಂಧುಬಳಗದ ಮನೆಗಳಲ್ಲೆಲ್ಲ ಸೀಮೆಎಣ್ಣೆ ಬಂತು. ನಾನು ಕ್ಷೌರ ಮಾಡಿಸಿಕೊಳ್ಳುತ್ತಿದ್ದ ಅಂಗಡಿಯಲ್ಲೂ ಬಂತು. ಒಂದು ದಿನ ನಾನೂ ಮಾವನೂ ಅಲ್ಲಿದ್ದಾಗ ಅಂಗಡಿಯವನು ಕತ್ತರಿ ನಿಲ್ಲಿಸಿ ಕೇಳಿದ: "ಸಾರ್, ಆ ಹೆಂಗಸಿನ ವಾಯ್ಸು ಸೂಪರ್. ಯಾರ್ ಸಾರ್ ಅದು?"

ನಾನು ಮಾವನ ಮುಖ ನೋಡಿದೆ. ಮಾವ ಕನ್ನಡಿ ನೋಡಿದರು.

"ಅದಾ? ಕೋರಸ್ ಇರ್ಬೇಕು" ಎಂದರು.

ಇಷ್ಟು ಸೇವೆ ಮಾಡಿದವರನ್ನು ಆ ಪದಗಾರ ತಲೆಯ ಮೇಲೆ ಹೊತ್ತುಕೊಂಡಿರಬೇಕು ಎಂದುಕೊಂಡಿರೇನು? ಮಾವ ಒಮ್ಮೆ ನನ್ನನ್ನು ಬಿನ್ನಿಪೇಟೆಗೆ ಕರೆದುಕೊಂಡು ಹೋದರು. ಕೊಳಾಯಿಯ ಹತ್ತಿರ ಲುಂಗಿ ಉಟ್ಟು ಹಲ್ಲುಜ್ಜುತ್ತಿದ್ದ ಆಸಾಮಿ ಬಾಯಿ ಮುಕ್ಕಳಿಸಿ ಮಾವನನ್ನು ದಿಟ್ಟಿಸಿದ.

"ಸಾರ್, ನೀವು... ಶ್ರೀಗಂಧದ ಕಾವಲ್ ಸೈಟ್ ವಿಚಾರ ಮಾತಾಡಕ್ ಬಂದಿದ್ರಲ್ಲ, ಅವರೇ ಅಲ್ವಾ?"

ಅಲ್ಲ ಎಂದು ಹೇಳಲು ಬಾಯಿ ತೆರೆದ ನನ್ನನ್ನು ಮಾವ ಮೊಣಕೈಯಿಂದ ತಿವಿದರು. ಹಿಂದಿರುಗುವಾಗ ಅವರ ಮುಖ ಬೆಳಗುತ್ತಿತ್ತು. "ಎಷ್ಟ್ ಜನರನ್ನ ನೆನಪಿಟ್ಕೋಬೇಕು ಪಾಪ! ಅಭಿಮಾನಿಗಳು ಜಾಸ್ತಿ ಆಗ್ಬಿಟ್ಟಿದಾರೆ ಕಣೋ."

ಅಭಿಮಾನಿಗಳು ಜಾಸ್ತಿಯಾಗಿದ್ದುದು ನಿಜ. ಪೇಟೆಯ ಒಂದು ಕ್ಯಾಸೆಟ್ ಕಂಪನಿ ಅವನನ್ನು ಕರೆಯಿತು. ಹೊಸ ಕ್ಯಾಸೆಟ್ಟಿನ ಮೇಲೆ ಕಪ್ಪು ಕನ್ನಡಕ ಹಾಕಿದ ಅವನ ಬಣ್ಣದ ಫೋಟೋ ಬಂತು. ತಮಟೆ ಹೋಗಿ ಕೀಬೋರ್ಡು ಬಂತು. ನೂಲು, ಬಟ್ಟೆ, ಮಿಲ್ಲು ಎಲ್ಲ ಹೋಗಿ, ಕಾಲೇಜು ಹುಡುಗಿಯ ಜಡೆ ಬಂತು. ಒಳಗಿನ ಕಾಗದದಲ್ಲಿ ಕಂಪನಿಯ ಯಜಮಾನರಿಂದ ಹಿಡಿದು ಕನ್ನಡಕದ ಅಂಗಡಿಯವರೆಗೆ ಎಲ್ಲರಿಗೂ ಕೃತಜ್ಞತೆಗಳಿದ್ದವು. ಮಾವ ಅದನ್ನು ಭೂತಗನ್ನಡಿ ಹಿಡಿದು ಓದಿದರು, ತಿರುಗಿಸಿ ಓದಿದರು. ಹಿಂಬದಿ ಖಾಲಿ ಇತ್ತು.

"ನಿಮ್ಮ ಹೆಸರಿಲ್ಲ ಮಾವ" ಎಂದೆ.

"ಮನೆಯೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೋ?" ಎಂದರು ಮಾವ.

ಅತ್ತೆ ಒಳಗಿನಿಂದ ಹೇಳಿದರು: "ಅದು ನಂಗೊತ್ತು ಬಿಡಿ."

ಆ ವರ್ಷದ ನವೆಂಬರ್ ಬಂತು. ನಮ್ಮ ಕಡೆ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ತಿಂಗಳಿಡೀ ಒಂದಲ್ಲ ಒಂದು ಬೀದಿಯಲ್ಲಿ ಶಾಮಿಯಾನ, ಭುವನೇಶ್ವರಿಯ ಪಟ, ಆಮೇಲೆ ಆರ್ಕೆಸ್ಟ್ರಾ. ಮಾವನ ಬೀದಿಯ ಯುವಕ ಸಂಘದವರು ವಂತಿಗೆಗೆ ಬಂದಾಗ ಮಾವ ಒಂದು ಷರತ್ತು ಹಾಕಿದರು: ಆರ್ಕೆಸ್ಟ್ರಾಕ್ಕೆ ಮೊದಲು ತಮ್ಮ ಪದಗಾರನಿಗೆ ಹತ್ತು ನಿಮಿಷ ಕೊಡಬೇಕು.

ಸಂಘದ ಕಾರ್ಯದರ್ಶಿ ನಕ್ಕ. "ಬಿಡಿ ಸಾರ್, ಅವ್ರೀಗ ದೊಡ್ಡೋರು. ನಮ್ ಬೀದಿಗೆಲ್ಲ ಬರ್ತಾರಾ?"

"ನಾನ್ ಕರೆದ್ರೆ ಬರ್ತಾನೆ! ಆ ಹತ್ತು ನಿಮಿಷ ಸ್ಟೇಜು ಖಾಲಿ ಬಿದ್ರೆ, ಈ ಬೀದೀಲಿ ನಾನು ಇನ್ನೊಂದ್ಸಲ ಬಾಯಿ ಬಿಡಲ್ಲ!"

ಈ ಆಮಿಷಕ್ಕೇ ಸಂಘ ತಕ್ಷಣ ಒಪ್ಪಿಕೊಂಡಿತೆಂದು ನನ್ನ ಅನುಮಾನ. ಆದರೆ ಮಾವನಿಗೆ ಅದು ತಮಾಷೆಯಾಗಿರಲಿಲ್ಲ. ಎಷ್ಟೋ ವರ್ಷ ತಮ್ಮ ಈ ಹುಚ್ಚಿಗೆ ಬೀದಿಯೆಲ್ಲ ನಕ್ಕಿದ್ದಕ್ಕೆ ಅವರು ಅಂದು ಲೆಕ್ಕ ಚುಕ್ತಾ ಮಾಡಬೇಕಾಗಿತ್ತು. ಅವನು ಬರಬೇಕು, ಎಲ್ಲರೆದುರು ಇವರನ್ನು ಗುರುತಿಸಬೇಕು. ಅಷ್ಟೇ. ಮಾವ ಕರೆಯಲು ಹೋದಾಗ ಪದಗಾರ "ಆಗ್ಲಿ ಸಾರ್, ನೋಡಣ" ಎಂದಿದ್ದ. ನಮ್ಮ ಭಾಷೆಯಲ್ಲಿ ಈ ಮಾತಿಗೆ ‘ಬರುವುದಿಲ್ಲ’ ಎಂದರ್ಥ. ಅದು ಮಾವನೊಬ್ಬರಿಗೆ ಗೊತ್ತಿರಲಿಲ್ಲ.

ಕಾರ್ಯಕ್ರಮದ ಸಂಜೆ ಹೊತ್ತು ಮುಳುಗುವ ಮೊದಲೇ ಮಾವ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೆಂಗಸರ ಕಡೆ ಅತ್ತೆ, ಎರಡು ಚೀಲ ಹಿಡಿದು. ಒಂದು ಚೀಲದಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಲು ತಂದ ಟೇಪ್ ರೆಕಾರ್ಡರು, ಇನ್ನೊಂದರಲ್ಲಿ ಪದಗಾರನಿಗಾಗಿ ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. ಧ್ವಜಗೀತೆಯಾಯಿತು, ಭಾಷಣವಾಯಿತು. ಪದಗಾರನ ಸರದಿ ಬಂದಾಗ ಮೈಕ್ ಸೆಟ್ಟಿನವನು ಮಾವನ ಕಿವಿಯಲ್ಲಿ ಹೇಳಿದ: "ಅಣ್ಣ, ಅವ್ರು ಮೆಜೆಸ್ಟಿಕ್ ಹತ್ರ ಇನ್ನೊಂದ್ ಸ್ಟೇಜಲ್ಲವ್ರೆ. ನಾನೇ ನೋಡ್ಕೊಂಡ್ ಬಂದೆ. ಇಲ್ಲಿಗ್ ಬರಲ್ವಂತೆ."

ಮಾವ ನನ್ನ ಕಡೆ ತಿರುಗಿ ಹೇಳಿದ್ದನ್ನು ನಾನು ಹಾಗೆಯೇ ವರದಿ ಮಾಡುತ್ತೇನೆ: "ನೋಡ್ದಾ? ಒಂದೇ ದಿನ ಎರಡು ಸ್ಟೇಜು! ಏನ್ ಡಿಮ್ಯಾಂಡು!"

ಧ್ವನಿ ಮಾತ್ರ ಒಡೆದಿತ್ತು.

ಹಿಂದಿನಿಂದ ಹುಡುಗರು ಶುರುಮಾಡಿದರು. "ಎಲ್ ಸಾರ್ ನಿಮ್ ಹೀರೋ?" "ಗುರು, ಆರ್ಕೆಸ್ಟ್ರಾ ಹಾಕ್ರೋ!" ಕಾರ್ಯದರ್ಶಿ ಕೈಗಡಿಯಾರ ತೋರಿಸಿದ. ಮಾವ ಎದ್ದರು. ಮನೆಗೆ ಹೊರಟರು ಎಂದುಕೊಂಡೆ. ಅವರು ಸ್ಟೇಜಿನ ಮೆಟ್ಟಿಲು ಹತ್ತಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಯಾವ ಪೀಠಿಕೆಯೂ ಇಲ್ಲದೆ ವಟಗುಟ್ಟತೊಡಗಿದರು!

"ಬಿಸ್ಲಲ್ ಕಾದೆ ಬಸ್ಸೂ ಬಂತು, ಕೈ ತೋರ್ಸಿದ್ರೆ ನಿಲ್ದೇ ಹೋಯ್ತು,
ಓಡೋಗ್ ಹತ್ತಿದ್ ಬಸ್ ನಿಂತಿತ್ತು, ಕೇಳಿದ್ರೆ ಅದು ಕೆಟ್ಟೋಗಿತ್ತು!"

ಅದು ಕಂಪನಿಯ ಪದವಲ್ಲ. ಹಳೆಯ, ತಮಟೆಯ ಕಾಲದ್ದು. ಆರ್ಕೆಸ್ಟ್ರಾದ ಡೋಲಕ್ಕಿನವನು ಕನಿಕರದಿಂದ ತಾಳ ಹಾಕಿದ. ತಾಳ ಒಂದು ಕಡೆ, ಮಾವ ಒಂದು ಕಡೆ. ಜನ ನಕ್ಕರು, ಸಿಳ್ಳೆ ಹಾಕಿದರು. ಮಾವ ಬೆವರುತ್ತ ಮುಂದಿನ ಪದಕ್ಕೆ ಹೋದರು.

"ಎಂಟು ಗಂಟೆ ಮಿಲ್ಲಿಗೆ ಕೊಟ್ಟೆ, ಎಂಟು ಗಂಟೆ ನಿದ್ದೆಗೆ ಕೊಟ್ಟೆ..."

ನಿಂತುಬಿಟ್ಟರು. ಮತ್ತೆ ಮೊದಲಿಂದ ಹೇಳಿ, ಅಲ್ಲಿಗೇ ಬಂದು ಮತ್ತೆ ನಿಂತರು. ಡೋಲಕ್ಕೂ ನಿಂತಿತು. ಎಷ್ಟೋ ವರ್ಷ ಮನೆಮಂದಿಯ ಬಾಯಿ ಕಟ್ಟಿ ಕೇಳಿದ ಪದ, ಬೇಕಾದ ಹೊತ್ತಿನಲ್ಲಿ ನಾಲಿಗೆಗೆ ಬರಲೊಲ್ಲದು. ಹಿಂದೆ ಯಾರೋ ಚಪ್ಪಾಳೆ ತಟ್ಟಿ "ಇಳೀರಿ ಸಾರ್" ಎಂದು ಕೂಗಿದರು. ನಾನು ನೆಲ ನೋಡಿದೆ.

ಆಗ ಹೆಂಗಸರ ಕಡೆಯಿಂದ, ಎದ್ದು ನಿಲ್ಲದೆ, ತೊಡೆಯ ಮೇಲಿನ ಚೀಲವನ್ನೂ ಇಳಿಸದೆ, ಅತ್ತೆ ಹೇಳಿದರು:

"ಉಳಿದ ಎಂಟು ಯಾರಿಗೆ ಕೊಟ್ಟೆ?"

ಮಾವ ಕಣ್ಣು ತೆರೆದರು. ಅತ್ತೆಯನ್ನು ನೋಡಿದರು. ಇಡೀ ಬೀದಿ ತಿರುಗಿ ಅತ್ತೆಯನ್ನು ನೋಡಿತು. ಮಾವ ಆ ಪದದ ಕೊನೆಯ ಸಾಲನ್ನು ತಾಳವಿಲ್ಲದೆ, ಬಿಡಿಸಿ ಬಿಡಿಸಿ, ಮಾತಿನ ಹಾಗೆ ಹೇಳಿದರು:

"ಹೆಂಡ್ತಿ ಕೇಳಿದ್ಲು... ತಲೆ ತಗ್ಸಿಬಿಟ್ಟೆ."

ಜನ ಇದನ್ನು ಮೊದಲೇ ಗೊತ್ತುಮಾಡಿಕೊಂಡ ಜೋಡಿ ಆಟ ಎಂದುಕೊಂಡು ಭಾರಿ ಚಪ್ಪಾಳೆ ಹೊಡೆದರು. ಕಾರ್ಯದರ್ಶಿ "ಆಂಟಿ, ಸೂಪರ್!" ಎಂದ. ಮಾವ ಇಳಿದು ಬಂದರು. ಆರ್ಕೆಸ್ಟ್ರಾ ಶುರುವಾಯಿತು. ನಾವು ಮೂವರೂ ಮನೆಯ ಕಡೆ ಹೊರಟೆವು.

ಶಾಮಿಯಾನ ಹಿಂದೆ ಬಿತ್ತು. ಆಮೇಲೆ ಮಾವ ಮೆಲ್ಲಗೆ ಕೇಳಿದರು: "ನಿಂಗ್ಯಾವಾಗ ಬಾಯಿಪಾಠ ಆಯ್ತೇ?"

"ದಿನಾ ಹಾಕ್ತಿದ್ರಲ್ಲ."

"ನಿಂಗದು ಇಷ್ಟ ಇರ್ಲಿಲ್ಲ ಅಲ್ವಾ?"

"ಇಷ್ಟ ಇಲ್ಲಾಂದ್ರೆ ಕಿವಿ ಮುಚ್ಕೋಬೇಕಿತ್ತು" ಎಂದರು ಅತ್ತೆ. "ಕೈ ಎಲ್ಲಿ ಬಿಡುವಿತ್ತು ನಂಗೆ?"

ಮಾವ ನಿಂತರು. ಅತ್ತೆಯ ಬಲಗೈಯಿಂದ ಒಂದು ಚೀಲ ಇಸಿದುಕೊಂಡರು. ಎರಡು ಹೆಜ್ಜೆ ಹೋದವರು ವಾಪಸು ಬಂದು ಎಡಗೈಯ ಚೀಲವನ್ನೂ ಇಸಿದುಕೊಂಡರು. ಮುಂದೆ ಮುಂದೆ ನಡೆಯುವುದು ಅವರ ರೂಢಿ, ಅಂದು ನಡೆಯಲಿಲ್ಲ.

ಅತ್ತೆಗೆ ಬಿಡುವಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅವನ್ನು ಸುಮ್ಮನೆ ಇಳಿಬಿಟ್ಟು ನಡೆದರು. ಆಮೇಲೆ, ರಸ್ತೆ ದಾಟುವಾಗ, ಒಂದನ್ನು ಮಾವನ ಮೊಣಕೈಯ ಮೇಲಿಟ್ಟರು.