ಸ್ನಾನದ ರಾಗ

ಅಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಒಂದು ಗುನುಗು.

ವೃದ್ಧಾಶ್ರಮದಲ್ಲಿ ಹಿರಿಯರಿಗೆ ಸ್ನಾನ ಮಾಡಿಸುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬಕೆಟ್ಟಣ್ಣ ಎಂದು. ಹನ್ನೆರಡು ವರ್ಷ ನೀರು ಹೊತ್ತು ಅವನ ಸೊಂಟ ಹಳೇ ಗೇಟಿನ ಹಾಗೆ ಕಿರುಗುಟ್ಟುತ್ತಿತ್ತು. ಮಾತು ಮರೆತ ಹಿರಿಯರನ್ನು ಬಾಯಿಮಾತಲ್ಲಿ ಕರೆದರೆ ಗೋಡೆಗೆ ಹೇಳಿದಂತೆ. ಹಾಗಾಗಿ ಊಟಕ್ಕೊಂದು, ಸ್ನಾನಕ್ಕೊಂದು ರಾಗ ಕಟ್ಟಿಕೊಂಡಿದ್ದ. ಸ್ನಾನದ್ದು ಗುನುಗಿದರೆ ಸಾಕು, ಬಾತುಕೋಳಿ ಮರಿಗಳ ಹಾಗೆ ಟವೆಲ್ ಹಿಡಿದು ಹಿಂದೆ ಬರುತ್ತಿದ್ದರು.

ಅಂದು ತಪಾಸಣೆ. ಸುಸೂತ್ರವಾಗಿ ಮುಗಿದರೆ ಅವನಿಗೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಬೆಳಿಗ್ಗೆಯಿಂದ ಅಲ್ಲಿನ ಕುರ್ಚಿಯನ್ನು ಎರಡು ಸಲ ಒರೆಸಿ, ಮೂರು ಸಲ ಕೂತು ನೋಡಿದ್ದ.

ತಪಾಸಣೆಗೆ ಬಂದ ಅಧಿಕಾರಿಣಿಯ ತಾಯಿಯೂ ಅಲ್ಲೇ ಇದ್ದರು, ಕಿಟಕಿ ಪಕ್ಕ. ಎರಡು ವರ್ಷದಿಂದ ಅವರಿಗೆ ಮಗಳ ಗುರುತೇ ಸಿಗುತ್ತಿರಲಿಲ್ಲ. ಕೈ ಹಿಡಿದರೆ ಕೊಸರಿಕೊಳ್ಳುತ್ತಿದ್ದರು. ಮಗಳು ಅಂದು ಮೌತ್ ಆರ್ಗನ್ ತಂದಿದ್ದರು. ಅಮ್ಮನಿಗೆ ಏನು ನುಡಿಸಿದರೆ ಹಿಡಿಸೀತು ಎಂದು ಕೇಳಿದರು. ಬಕೆಟ್ಟಣ್ಣ ಬಾಯಿ ತೆರೆಯುವ ಮೊದಲೇ ಎಲ್ಲದಕ್ಕೂ ಮೂಗು ತೂರಿಸುವ ಅಡುಗೆಯಕ್ಕ ಮುಂದೆ ಬಂದಳು.

"ಇವ್ರಿಗೆಲ್ಲ ಪ್ರಾಣ ಅಂದ್ರೆ ಈ ರಾಗ ಮೇಡಂ," ಎಂದು ಸ್ನಾನದ್ದನ್ನೇ ಗುನುಗಿಬಿಟ್ಟಳು.

ಅಧಿಕಾರಿಣಿ ನುಡಿಸಿದರು. ಹಾಲ್‌ನಲ್ಲಿದ್ದ ಹನ್ನೊಂದು ಜನ ಒಟ್ಟಿಗೆ ಎದ್ದರು. ನಿವೃತ್ತ ಪೋಸ್ಟ್‌ಮಾಸ್ಟರು ಅಂಗಿ ಬಿಚ್ಚಿ ಮ್ಯಾನೇಜರ ಹೆಗಲಿಗೆ ತೂಗುಹಾಕಿದರು. ಬಕೆಟ್ಟಣ್ಣ ಒಬ್ಬರ ಗುಂಡಿ ಹಾಕುವಷ್ಟರಲ್ಲಿ ಇನ್ನಿಬ್ಬರದು ಬಿಚ್ಚಿರುತ್ತಿತ್ತು. ಗಾಬರಿಯಲ್ಲಿ ಊಟದ ರಾಗ ಎತ್ತಿದ. ಅರ್ಧ ಜನ ಬನಿಯನ್ನಿನಲ್ಲೇ ತಟ್ಟೆ ಹಿಡಿದು ಸಾಲು ನಿಂತರು.

ಈ ಗಲಾಟೆಯಲ್ಲಿ ಅಧಿಕಾರಿಣಿಯೇ ಕಾಣೆ. ಸ್ನಾನದ ಮನೆಯಿಂದ ದಬದಬ ನೀರಿನ ಸದ್ದು. ಓಡಿಹೋಗಿ ನೋಡಿದರೆ, ತಾಯಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೋಟಿನ ಸಮೇತ ನೀರು ಹೊಯ್ಯುತ್ತಿದ್ದರು, ಅದೇ ರಾಗ ಗುನುಗುತ್ತ. ಕಣ್ಣಿಗೆ ಸೋಪು ಇಳಿಯದಂತೆ ಮಗಳ ಹಣೆಗೆ ಅಂಗೈ ಅಡ್ಡ ಹಿಡಿದಿದ್ದರು.

ಮುಗಿಯಿತು ಕುರ್ಚಿಯ ಕತೆ, ಅಂದುಕೊಂಡ ಬಕೆಟ್ಟಣ್ಣ.

ತೊಟ್ಟಿಕ್ಕುತ್ತ ಹೊರಬಂದ ಅಧಿಕಾರಿಣಿ ಕೋಟಿನ ತುದಿ ಹಿಂಡಿದರು. ಕಣ್ಣು ಕೆಂಪಗಿತ್ತು, ಸೋಪಿಗೋ ಏನೋ.

"ಚಿಕ್ಕೋಳಿದ್ದಾಗ ಅಮ್ಮ ಹೀಗೇ ಹಣೆಗೆ ಕೈ ಹಿಡೀತಿದ್ರು," ಎಂದರು. "ಯಾರು ಕಲಿಸಿದ್ದು ಈ ರಾಗಾನ?"

ಮ್ಯಾನೇಜರು ಬೆರಳು ತೋರಿಸಿದರು. ಬಕೆಟ್ಟಣ್ಣನಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ನಿವೃತ್ತಿ ಆಗೋವರೆಗೂ ಇವ್ರನ್ನ ಸ್ನಾನದ ಮನೆಯಿಂದ ಕದಲಿಸಬೇಡಿ. ನಾನೇ ಬರೆದುಕೊಟ್ಟು ಹೋಗ್ತೀನಿ."

ಬರೆಯಲು ಅವರು ಕೂತದ್ದು ಅದೇ ಕುರ್ಚಿಯಲ್ಲಿ. ಎದ್ದು ಹೋದ ಮೇಲೆ ಅದರಿಂದ ನೀರು ಇಳಿಯುತ್ತಿತ್ತು. ಒರೆಸಲು ಮ್ಯಾನೇಜರು ಬಕೆಟ್ಟಣ್ಣನನ್ನೇ ಕರೆದರು.