ಕಾಟಾದ ಮೇಲೆ ಕಪ್ಪು ದ್ರವ್ಯ

ಗೊತ್ತಿಲ್ಲದ್ದನ್ನು ಗೊತ್ತಿದ್ದವರಂತೆ ಹೇಳುವುದು ನಮ್ಮಂಥ ಮಾಸ್ತರರಿಗೆ ನೀರು ಕುಡಿದಷ್ಟು ಸುಲಭ. ಗೊತ್ತಿಲ್ಲ ಎನ್ನುವುದನ್ನೇ ಮುಕ್ಕಾಲು ಗಂಟೆ ಹೇಳು ಎಂದರೆ ಮಾತ್ರ ಬೆವರುತ್ತೇವೆ. ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಮನೆ ಬಸವಕಲ್ಯಾಣದಲ್ಲಿ, ದಿನವೂ ಬಸ್ಸಿನ ಓಡಾಟ. ಈ ಸಲದ ವಿಜ್ಞಾನ ದಿನಕ್ಕೆ ಕಪ್ಪು ದ್ರವ್ಯದ ಮೇಲೆ ಭಾಷಣ ಮಾಡುವ ಕೆಲಸವನ್ನು ಪ್ರಿನ್ಸಿಪಾಲರು ನನ್ನ ಕೊರಳಿಗೆ ಕಟ್ಟಿದರು. ಆದರೆ ಆ ದಿನಗಳಲ್ಲಿ ನನ್ನನ್ನು ಕಾಡುತ್ತಿದ್ದದ್ದು ವಿಶ್ವದ ತೂಕವಲ್ಲ, ನನ್ನದು.

ಮೊಣಕಾಲು ನೋಯುತ್ತದೆಂದು ಡಾಕ್ಟರರ ಹತ್ತಿರ ಹೋಗಿದ್ದೆ. ಎಂಬತ್ತನಾಲ್ಕು ಕಿಲೋ ಇದ್ದೀರಿ, ಮೂರು ತಿಂಗಳಲ್ಲಿ ಐದು ಕಿಲೋ ಇಳಿಸಿ, ಇಲ್ಲದಿದ್ದರೆ ಆಪರೇಷನ್ ಎಂದರು. ನಾನು ತಲೆಯಾಡಿಸಿ ಬಂದೆ. ನನ್ನ ಹೆಂಡತಿ ಕಮಲಾ ತಲೆಯಾಡಿಸಿ ಸುಮ್ಮನಾಗುವ ಪೈಕಿಯಲ್ಲ. ನನ್ನ ತೂಕ ಇಳಿಯುವ ತನಕ ಚಹಾ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ದಿನಕ್ಕೆ ನಾಲ್ಕು ಸಲ, ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿಕೊಂಡು ಚಹಾ ಕುಡಿಯುವ ಹೆಂಗಸು ಅವಳು. ಮೊದಲ ವಾರ ತಲೆನೋವಿಗೆ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿದಳು. ನನ್ನ ತಾಟಿಗೆ ಎರಡೇ ರೊಟ್ಟಿ, ಒಂದಿಷ್ಟು ಪಲ್ಲೆ.

ನಾನು ಅಷ್ಟನ್ನೇ ಉಂಡೆ. ಅದರಲ್ಲಿ ಸುಳ್ಳಿಲ್ಲ. ಆದರೆ ಗುರುವಾರ ಗುರುವಾರ ಕ್ಲಾಸು ಮುಗಿಸಿ ಮಾಣಿಕನಗರದ ಗುಡಿಗೆ ದರ್ಶನಕ್ಕೆ ಹೋಗುವುದು ನನ್ನ ಹಳೆಯ ರೂಢಿ. ವಾಪಸ್ಸು ಬರುವ ದಾರಿಯಲ್ಲಿ ಒಂದು ಅಂಗಡಿ, ಅಲ್ಲಿ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಬಿಸಿ ಸುಸಲಾ, ಮೇಲೆ ನಾಲ್ಕು ಮಿರ್ಚಿ ಭಜಿ. ಕ್ರಮೇಣ ನನಗೆ ಸೋಮವಾರವೂ ಭಕ್ತಿ ಬರತೊಡಗಿತು, ಆಮೇಲೆ ಬುಧವಾರವೂ. ನಮ್ಮ ಕಡೆಯ ಲೆಕ್ಕದಲ್ಲಿ ರೊಟ್ಟಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಹೊಟ್ಟೆ ಬಿರಿಯುವಷ್ಟು ಸುಸಲಾ ತಿಂದವನೂ ಇನ್ನೂ ಉಂಡಿಲ್ಲ ಎಂದೇ ಹೇಳುತ್ತಾನೆ, ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ನಾನೂ ಮನೆಗೆ ಬಂದು ಹಾಗೇ ಹೇಳುತ್ತಿದ್ದೆ.

ಭಾಷಣದ ತಾಲೀಮು ನಡೆಸಿದ್ದು ಅಡುಗೆಮನೆಯಲ್ಲಿ. ದ್ರವ್ಯಕ್ಕೆ ಪ್ರತಿದ್ರವ್ಯವೆಂಬ ಜೋಡಿಯಿದೆ, ಎರಡೂ ಸಂಧಿಸಿದರೆ ಎರಡೂ ಅಳಿದು ಬೆಳಕಾಗುತ್ತವೆ ಎಂದೆ. ವಿಶ್ವ ಹುಟ್ಟಿದಾಗ ಎರಡೂ ಸಮವಾಗಿರಬೇಕಿತ್ತು, ಆ ಜೋಡಿ ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದೆ. ಕಣ್ಣಿಗೆ ಕಾಣುವುದೆಲ್ಲ ನೂರಕ್ಕೆ ಐದು ಪಾಲು, ಮಿಕ್ಕದ್ದರಲ್ಲಿ ಒಂದು ಪಾಲಿಗೆ ಕಪ್ಪು ದ್ರವ್ಯವೆಂದು ಹೆಸರಿಟ್ಟಿದ್ದಾರೆ, ಅದೇನೆಂಬುದೂ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಅನ್ನುವುದಕ್ಕೂ ಸರ್ಕಾರ ನಿಮಗೆ ಪಗಾರ ಕೊಡುತ್ತದೆಯೇ ಎಂದು ಕೇಳಿ, ಕಮಲಾ ರೊಟ್ಟಿ ತಿರುವಿ ಹಾಕಿದಳು.

"ಯಾರೂ ನೋಡಿಲ್ಲಂದ್ರ, ಅದು ಅದ ಅಂತ ಹ್ಯಾಂಗ ಹೇಳ್ತೀರಿ?"

ತೂಕದಿಂದ, ಎಂದು ಹುರುಪಿನಿಂದ ವಿವರಿಸಿದೆ. ಕಾಣುವ ನಕ್ಷತ್ರಗಳನ್ನೆಲ್ಲ ಕೂಡಿಸಿದರೆ ತೂಕ ಕಡಿಮೆ, ಆದರೆ ಅವು ಸುತ್ತುವ ವೇಗ ನೋಡಿದರೆ ಹಿಡಿದಿಟ್ಟಿರುವ ತೂಕ ಬಹಳ ಹೆಚ್ಚು. ಅಂದಮೇಲೆ ಕಾಣದ್ದು ಏನೋ ಇರಲೇಬೇಕು. ಅವಳು ಹೂಂ ಎಂದಳು. ಇಷ್ಟು ಬೇಗ ತಿಳಿದುಕೊಂಡ ವಿದ್ಯಾರ್ಥಿ ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲವೆಂದು ನನಗೆ ಒಳಗೊಳಗೇ ಖುಷಿಯಾಯಿತು.

ಮೂರು ತಿಂಗಳು ತುಂಬಿದ ಭಾನುವಾರ ಕೊಹಿನೂರು ಎಂಬ ಹಳ್ಳಿಗೆ ಹೋದೆವು. ಅಲ್ಲಿ ಕಮಲಾಳ ತಮ್ಮ ಶಿವರಾಜ ತೊಗರಿ ರಾಶಿ ಮಾಡಿ, ಕಾಟಾ ಇಟ್ಟು ಚೀಲ ತೂಗುತ್ತಿದ್ದ. ದವಾಖಾನೆಯ ತಕ್ಕಡಿಗಿಂತ ತಮ್ಮನ ಕಾಟಾದ ಮೇಲೆ ಅವಳಿಗೆ ಭರವಸೆ ಹೆಚ್ಚು. ಎರಡು ಚೀಲಗಳ ನಡುವೆ ನನ್ನನ್ನೂ ಹತ್ತಿಸಿದಳು. ಎಂಬತ್ತಾರೂವರೆ. ಚೀಲ ತೂಗುವಾಗ ಬಾರದಾನಾ ಅಂತ ಖಾಲಿ ಚೀಲದ ತೂಕ ಕಳೆಯುತ್ತಾರಲ್ಲ, ನನಗೂ ಬಾರದಾನಾ ತೆಗೆಯಪ್ಪಾ, ಅಂಗಿ, ಮೊಬೈಲು, ಬೀಗದ ಕೈ ಇವೆ ಎಂದೆ. ಶಿವರಾಜ ಪ್ರಾಮಾಣಿಕ. ಅರ್ಧ ಕಿಲೋ ಕಳೆದ. "ಇದಕ್ಕಿಂತ ಹೆಚ್ಚು ಬಾರದಾನಾ ಆಗಂಗಿಲ್ರಿ ಮಾವ," ಎಂದ.

ಕಮಲಾ ಮಾತ್ರ ಬೈಯಲಿಲ್ಲ. "ನಾ ಹಾಕೋದು ಎರಡು ರೊಟ್ಟಿ. ಕಾಟಾ ಹೇಳೋದು ಬ್ಯಾರೆ. ಕಾಣಲಾರದ್ದು ಏನೋ ಅದ ರೀ," ಎಂದಳು. ಅಷ್ಟರಲ್ಲಿ ಶಿವರಾಜನ ಹೆಂಡತಿ ಎಲ್ಲರಿಗೂ ಚಹಾ ತಂದಳು. ಏಲಕ್ಕಿಯ ವಾಸನೆ ನನ್ನ ಮೂಗಿಗೇ ಬಡಿಯಿತು. ಕಮಲಾ ತನ್ನ ಚಹಾದ ಬಸಿಯನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ನನ್ನ ಕಡೆ ಸರಿಸಿದಳು. ನನಗೆ ನಾಚಿಕೆಯಾಯಿತು. ಕುಡಿಯಲಾಗಲಿಲ್ಲ.

ಹೊಲದ ದಾರಿಯಲ್ಲಿ ನಡೆಯುತ್ತ ಸುಸಲಾ, ಮಿರ್ಚಿ, ವಾರಕ್ಕೆ ಮೂರು ದಿನದ ಭಕ್ತಿ, ಎಲ್ಲವನ್ನೂ ಒಪ್ಪಿಕೊಂಡೆ. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಅಂಗಿ ಒಗೆಯುವವಳು ತಾನೇ, ಎಣ್ಣೆಯ ಕಲೆ ಮೊದಲ ವಾರವೇ ಸಿಕ್ಕಿತ್ತಂತೆ. ಹಾಗಾದರೆ ಅಂದೇ ಯಾಕೆ ಕೇಳಲಿಲ್ಲ ಎಂದೆ.

"ನೀವೇ ಹೇಳ್ತೀರೇನೋ ಅಂತ ಕಾಯಾಕತ್ತಿದ್ದೆ. ಚಾ ಬಿಟ್ಟು ಕಾಯಾಕತ್ತಿದ್ದೆ," ಎಂದಳು, ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ನೋಯುವ ಮೊಣಕಾಲು ಎಳೆಯುತ್ತ ನಾನು ಹಿಂದೆ ಹಿಂದೆ ಹೋದೆ.

ವಿಜ್ಞಾನ ದಿನ ಬಂತು. ಭಾಷಣ ಪರವಾಗಿಲ್ಲ ಎನ್ನುವಂತೆಯೇ ಆಯಿತು. ಕೊನೆಗೆ ಹುಡುಗಿಯೊಬ್ಬಳು ಎದ್ದು, ಕಪ್ಪು ದ್ರವ್ಯ ಏನೆಂದು ಯಾವಾಗ ಗೊತ್ತಾಗುತ್ತದೆ ಸರ್ ಎಂದು ಕೇಳಿದಳು. ವಿಜ್ಞಾನಿಗಳು ನೆಲದಾಳದಲ್ಲಿ ಯಂತ್ರಗಳನ್ನಿಟ್ಟು ಕಾಯುತ್ತಿದ್ದಾರೆ, ಅದು ತಾನಾಗಿಯೇ ಸಿಗಬೇಕಷ್ಟೆ, ಭೌತಶಾಸ್ತ್ರ ಸದ್ಯಕ್ಕೆ ಅಲ್ಲಿಗೆ ನಿಂತಿದೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೇರ ಬಸ್ ಸ್ಟ್ಯಾಂಡಿಗೆ ನಡೆದೆ. ಅಂದು ಗುರುವಾರವಾಗಿತ್ತು, ಆದರೂ ಮಾಣಿಕನಗರದ ದಾರಿ ಹಿಡಿಯಲಿಲ್ಲ. ಮನೆಯಲ್ಲಿ ಕಮಲಾ ಇನ್ನೂ ಚಹಾ ಕುಡಿಯುತ್ತಿಲ್ಲ.