ಹನುಮಂತಯ್ಯನ ಬೋರಿನ ಸಿಹಿನೀರು

ಭಾನುವಾರ ಬೆಳಿಗ್ಗೆ ಕುಕ್ಕರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತೇ ಹೊರತು ಬೇಳೆ ಬೇಯಲಿಲ್ಲ. ಶಶಿಕಲಾ ಮುಚ್ಚಳ ತೆಗೆದು ಒಂದು ಕಾಳನ್ನು ಬೆರಳಲ್ಲಿ ಹಿಸುಕಿದಳು. ಅದು ಕೈಯಿಂದ ಚಿಮ್ಮಿ, ಪೇಪರ್ ಓದುತ್ತಾ ಕೂತಿದ್ದ ಗಂಡ ಹನುಮಂತಯ್ಯನ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು.

“ನೋಡಿದ್ರಾ? ಇದು ಬೇಳೆ ಅಲ್ಲ ಕಣ್ರೀ, ಜಲ್ಲಿ. ಬೋರ್ ನೀರು ಅಷ್ಟು ಗಡಸು. ತಲೆ ಬಾಚಿದ್ರೆ ಅರ್ಧ ಕೂದಲು ಬಾಚಣಿಗೇಲೇ ಉಳ್ಕೊಳ್ಳುತ್ತೆ. ಸಾಫ್ಟ್‌ನರ್ ಹಾಕ್ಸೋವರ್ಗೂ ನಾನು ಒಲೆ ಹಚ್ಚಲ್ಲ.”

ಬಚ್ಚಲುಮನೆಯಿಂದ ಹನುಮಂತಯ್ಯನ ತಾಯಿ ಸೊಣ್ಣಮ್ಮನ ದನಿ ಬಂತು. “ಅವ್ಳಿಗೆ ಕೂದ್ಲು ಚಿಂತೆ, ನಂಗೆ ದೇವ್ರ ಚಿಂತೆ. ಈ ಕೆಮ್ಮಣ್ಣು ನೀರು ಉಯ್ಕಂಡ್ರೆ ಎಮ್ಮೆ ಕೆಸ್ರಿಂದ ಎದ್ ಬಂದಂಗಾಯ್ತದೆ. ಇಡೀ ಮನೆಗೆ ಫಿಲ್ಟ್ರು ಆಕ್ಸೋಗಂಟ ನಾನು ಸ್ನಾನ ಮಾಡಾಕಿಲ್ಲ. ಸ್ನಾನ ಇಲ್ದೆ ಪೂಜೆ ಇಲ್ಲ, ಪೂಜೆ ಇಲ್ದೆ ಈ ಮನೇಲಿ ಯಾರ್ಗೂ ಊಟ ಇಲ್ಲ. ಯೋಳ್ಬುಡು ನಿನ್ ಎಂಡ್ತಿಗೆ.”

ಹೆಂಡತಿ ಅಲ್ಲೇ ನಿಂತಿದ್ದಳು. ಆದರೂ ಗಂಡನಿಗೆ ಹೇಳಿದಳು, “ನಿಮ್ಮಮ್ಮನಿಗೆ ಹೇಳಿ, ಫಿಲ್ಟರ್ ಹಾಕಿದ್ರೆ ಮಣ್ಣು ಹೋಗುತ್ತೆ, ಗಡಸು ಹೋಗಲ್ಲ.”

“ಅವ್ಳಿಗೆ ಯೋಳು, ಆ ಸಾಪ್ಟು ಮಿಶಿನ್ನು ಆಕಿದ್ರೆ ಗಡಸು ಓಯ್ತದೆ, ಮಣ್ಣು ಓಗಾಕಿಲ್ಲ.”

ಇಬ್ಬರ ಮಾತೂ ನಿಜ. ಕಷ್ಟ ಇದ್ದದ್ದೇ ಅಲ್ಲಿ. ಎರಡನ್ನೂ ಹಾಕಿಸಲು ಸಂಪಿನ ಪಕ್ಕ ಜಾಗವಿಲ್ಲ, ಹನುಮಂತಯ್ಯನ ಜೇಬಿನಲ್ಲೂ ಜಾಗವಿಲ್ಲ. ಮೂರು ತಿಂಗಳಿಂದ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತು ಬಿಟ್ಟು, ಎಲ್ಲ ಮಾತನ್ನೂ ಅವನ ಮೂಲಕವೇ ಸಾಗಿಸುತ್ತಿದ್ದರು. ಜಿಗಣಿಯ ಕಾರ್ಖಾನೆಯ ಸ್ಟೋರಿನಲ್ಲಿ ಲಾರಿ ಡ್ರೈವರುಗಳನ್ನು ನಡುಗಿಸುತ್ತಿದ್ದ ಮನುಷ್ಯ, ಮನೆಗೆ ಬಂದರೆ ಒನಕೆಗೂ ಒರಳಿಗೂ ನಡುವೆ ಸಿಕ್ಕ ಭತ್ತ. ಅಮ್ಮನ ಮಾತು ಕೇಳಿದರೆ ಹೆಂಡತಿ ತವರಿಗೆ ಹೊರಡುತ್ತಾಳೆ. ಹೆಂಡತಿಯ ಮಾತು ಕೇಳಿದರೆ ಅಮ್ಮ ತನ್ನ ತಂಗಿಯ ಮನೆಗೆ ಹೋಗಿ ಊರಿಗೆಲ್ಲ ಸಾರುತ್ತಾಳೆ.

ಹೊಟ್ಟೆ ಹಸಿದಾಗ ಬುದ್ಧಿ ಓಡುತ್ತದಂತೆ. ಹನುಮಂತಯ್ಯನಿಗೂ ಓಡಿತು.

“ನಮ್ಮ ನೀರನ್ನ ಮಷಿನ್ ಅಂಗಡೀಲಿ ಟೆಸ್ಟ್ ಮಾಡಿಸ್ತೀನಿ. ಅವರು ಯಾವುದು ಅಂತಾರೋ ಅದು. ಆಮೇಲೆ ಯಾರೂ ನನ್ನ ಬಯ್ಯಂಗಿಲ್ಲ. ಆಯ್ತಾ?”

ಇಬ್ಬರೂ ಒಪ್ಪಿದರು. ಗೆಲ್ಲುವುದು ತಾನೇ ಎಂದು ಇಬ್ಬರಿಗೂ ಗೊತ್ತಿತ್ತು. ನೀರು ತುಂಬಿಡಲು ಹೇಳಿ ಹನುಮಂತಯ್ಯ ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ, ಥಳಥಳ ಹೊಳೆಯುವ ಸ್ಟೀಲ್ ಬಾಟಲಿಯೊಂದು ಬಾಗಿಲ ಬಳಿ ಸಿದ್ಧವಾಗಿ ಕೂತಿತ್ತು.

ಗೇಟು ದಾಟುತ್ತಿದ್ದಂತೆ ಪಕ್ಕದ ಮನೆಯ ವಾದಿರಾಜರಾಯರು ಅಡ್ಡ ಬಂದರು. ಸರ್ಕಾರಿ ಕಾರ್ಖಾನೆಯಿಂದ ರಿಟೈರಾದವರು. ಸೊಳ್ಳೆ ಕಚ್ಚಿದರೂ ತಮ್ಮ ಕಾರ್ಖಾನೆಯ ಉದಾಹರಣೆ ಕೊಡುವವರು.

“ಟೆಸ್ಟ್ ಯಾಕೆ ಹನುಮಂತಯ್ಯ? ಕಣ್ಮುಚ್ಕೊಂಡು ಸಾಫ್ಟ್‌ನರ್ ಹಾಕ್ಸಿ. ನಮ್ಮ ಫ್ಯಾಕ್ಟರೀಲಿ ಅದಿಲ್ದೆ ಬಾಯ್ಲರ್‌ಗೆ ನೀರೇ ಬಿಡ್ತಿರ್ಲಿಲ್ಲ.”

“ನಮ್ಮನೇಲಿ ಬಾಯ್ಲರ್ ಇಲ್ವಲ್ಲ ರಾಯರೇ.”

“ಯಾಕಿಲ್ಲ, ಎರಡಿವೆ. ಬೆಳಿಗ್ಗೆಯಿಂದ ಸದ್ದು ಕೇಳ್ತಾನೇ ಇದೆ.”

ಹಾಲಿನ ಅಂಗಡಿಯ ಪುಟ್ಟಣ್ಣ ಷಟರ್ ಅರ್ಧ ಇಳಿಸಿ ಓಡಿಬಂದ. “ಫಿಲ್ಟರ್ ಹಾಕ್ಸಣ್ಣೋ. ನಮ್ಮ ಭಾವ ಹಾಕ್ಸವ್ನೆ, ಈಗ ಅವನ ಬಕೆಟ್ ತಳ ಕಾಣಿಸ್ತದೆ.” ಕೊನೆಗೆ ಇಬ್ಬರೂ ತೀರ್ಪು ಕೇಳುವ ಆಸೆಗೆ ಆಟೋ ಹತ್ತಿದರು. ಬಾಡಿಗೆ ಹನುಮಂತಯ್ಯನದೇ.

ಅಂಗಡಿಯ ಚನ್ನವೀರಪ್ಪ ಹಾವೇರಿ ಕಡೆಯವರು. ಹಣೆಯ ತುಂಬ ವಿಭೂತಿ, ಮೇಜಿನ ತುಂಬ ಬಣ್ಣದ ಶೀಷೆಗಳು. ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಪೆನ್ನಿನಂಥದ್ದೊಂದನ್ನು ಅದ್ದಿದರು. ತೆಗೆದು ಒರೆಸಿ ಮತ್ತೆ ಅದ್ದಿದರು. ಶೀಷೆಯಿಂದ ನಾಲ್ಕು ಹನಿ ಬಿಟ್ಟರು. ಕುರ್ಚಿಯಿಂದ ಎದ್ದು ನಿಂತರು.

“ಎಲ್ಲಿ ನೀರ್ರಿ ಸರ ಇದು?”

“ನಮ್ಮ ಮನೆ ಬೋರ್ದು. ಹೆಬ್ಬಗೋಡಿ.”

“ಈ ಭಾಗದಾಗ ಇಂಥಾ ನೀರು ನಾ ನೋಡೇ ಇಲ್ರಿ. ಮಣ್ಣೂ ಇಲ್ಲ, ಗಡಸೂ ಇಲ್ಲ. ಇದಕ್ಕ ಮಷಿನ್ ಮಾರಿದ್ರ ನನಗ ಪಾಪ ಹತ್ತತೈತಿ. ಮನಿಗೆ ಹೋಗಿ ಆರಾಮಿರ್ರಿ.”

ಹನುಮಂತಯ್ಯನಿಗೆ ಆ ವಿಭೂತಿಯ ಹಣೆಗೆ ಮುತ್ತಿಡಬೇಕೆನಿಸಿತು. ಅಮ್ಮನೂ ಗೆಲ್ಲಲಿಲ್ಲ, ಹೆಂಡತಿಯೂ ಗೆಲ್ಲಲಿಲ್ಲ, ಜೇಬಿಗೂ ಕತ್ತರಿ ಬೀಳಲಿಲ್ಲ. ಇಷ್ಟು ಕೆಂಪು, ಇಷ್ಟು ಗಡಸು ನೀರು ಒಮ್ಮೆಗೇ ಹೇಗೆ ಒಳ್ಳೆಯದಾಯಿತು ಎಂದು ಕೇಳಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ. ವಾಪಸು ಬರುವಾಗ ಪುಟ್ಟಣ್ಣ ದಾರಿಯುದ್ದಕ್ಕೂ ಯಾರ ಯಾರಿಗೋ ಫೋನು ಮಾಡುತ್ತಿದ್ದ.

“ಎರಡೂ ಬೇಡವಂತೆ,” ಎಂದ ಹನುಮಂತಯ್ಯ ಮನೆಯೊಳಗೆ ಕಾಲಿಡುತ್ತಲೇ. “ಅಪ್ಪಟ ಸಿಹಿನೀರಂತೆ. ಬಡಿಸು.”

ಅತ್ತೆ ಸೊಸೆ ಮೂರು ತಿಂಗಳಲ್ಲಿ ಮೊದಲ ಸಲ ಮುಖ ಮುಖ ನೋಡಿಕೊಂಡರು.

“ರೀ,” ಎಂದಳು ಶಶಿಕಲಾ ಮೆಲ್ಲಗೆ. “ಅದು ಬೋರ್ ನೀರಲ್ಲ. ಕುಡಿಯೋಕೆ ದುಡ್ಡು ಕೊಟ್ಟು ತರಿಸ್ತೀವಲ್ಲ, ಆ ಕ್ಯಾನ್ ನೀರು.”

“ಏನಂದೆ?”

“ಮತ್ತೆ? ಆ ಕೆಂಪು ನೀರನ್ನ ಯಾರೋ ಅಂಗಡಿಯವರ ಮುಂದೆ ಹೆಂಗ್ರೀ ಇಡೋದು? ನಮ್ಮನೆ ಬಗ್ಗೆ ಏನಂದ್ಕೊಳ್ತಾರೆ? ಬಂದವರಿಗೆ ನಾವು ಯಾವತ್ತಾದ್ರೂ ಬೋರ್ ನೀರು ಕೊಟ್ಟಿದ್ದೀವಾ?”

“ಸರ್ಯಾಗೇ ಮಾಡವ್ಳೆ,” ಎಂದಳು ಸೊಣ್ಣಮ್ಮ. “ಬಾಟ್ಲೀನ ಉಣ್ಸೆಣ್ಣು ಆಕಿ ಬೆಳಗಿಟ್ಟೋಳು ನಾನೇ. ನೀರು ಅಂದ್ರೆ ಮನೆ ಮರ್ವಾದೆ ಕಣ್ಲಾ.”

“ಅಲ್ಲಮ್ಮಾ, ಅದನ್ನ ತಗೊಂಡು ಹೋಗಿದ್ದೇ ಟೆಸ್ಟ್‌ಗೆ.”

“ಟೆಸ್ಟು ಮಾಡ್ಸು, ಬ್ಯಾಡ ಅಂದೋರ್ಯಾರು? ಅದುಕ್ಕೆ ಮಾನ ಕಳ್ಕಬೇಕಾ?”

ಹನುಮಂತಯ್ಯ ಹಲ್ಲು ಕಚ್ಚಿಕೊಂಡು ಖಾಲಿ ಬಾಟಲಿ ಎತ್ತಿಕೊಂಡ. ಈ ಸಲ ತಾನೇ ತುಂಬಿಕೊಂಡು ಹೋಗುವುದೆಂದು ಅಂಗಳಕ್ಕೆ ಬಂದರೆ, ಗೇಟಿನಾಚೆ ಬೀದಿಗೆ ಬೀದಿಯೇ ನಿಂತಿದೆ. ಬಿಂದಿಗೆ, ಡ್ರಮ್ಮು, ಖಾಲಿ ಕ್ಯಾನು. ಎಲ್ಲರಿಗಿಂತ ಮುಂದೆ ಪಂಚೆ ಎತ್ತಿ ಕಟ್ಟಿದ ವಾದಿರಾಜರಾಯರು.

“ಇಂಥ ನೀರು ಇಟ್ಕೊಂಡು ಇಷ್ಟು ದಿನ ಬಾಯಿ ಬಿಡ್ಲಿಲ್ಲವಲ್ಲ ಹನುಮಂತಯ್ಯ. ನಮ್ಮ ಫ್ಯಾಕ್ಟರೀಲಾಗಿದ್ರೆ ಸಸ್ಪೆಂಡ್ ಮಾಡ್ತಿದ್ರು.”

ಎದುರು ಮನೆಯ ರುದ್ರಮ್ಮ ಕೊಡ ಮುಂದಕ್ಕೆ ನೂಕಿದಳು. “ಮೂರು ಹೊತ್ತೂ ನೀರು ಸರಿ ಇಲ್ಲ ಅಂತ ಗೋಳಾಡ್ತಿದ್ದಿದ್ದು ಇದಕ್ಕೇನಾ? ನಾವು ಬಂದು ಕೇಳ್ಬಾರ್ದು ಅಂತ?”

“ಅಯ್ಯೋ ಅಕ್ಕ, ಅದು ನಮ್ಮ ಬೋರಿಂದು…” ಎಂದು ಹನುಮಂತಯ್ಯ ಶುರುಮಾಡಿದ. ಹಿಂದಿನಿಂದ ಶಶಿಕಲಾ ಅವನ ಸೊಂಟ ಚಿವುಟಿದಳು. ಸೊಣ್ಣಮ್ಮ ಕೆಮ್ಮಿದಳು. ನಿಜ ಹೇಳಿದರೆ ಇಬ್ಬರ ಮಾನ ಬೀದಿಪಾಲು. ಆಮೇಲೆ ಊಟವಿರಲಿ, ಒಳಗೆ ಜಾಗವೂ ಸಿಗುವುದಿಲ್ಲ.

“…ಬೋರಿಂದೇ,” ಎಂದು ಮುಗಿಸಿ ಮೋಟರು ಹಾಕಿ ನಲ್ಲಿ ತಿರುಗಿಸಿದ. ನೀರೇ ಮಾತಾಡಲಿ ಎಂದುಕೊಂಡ. ಇಟ್ಟಿಗೆ ತೊಳೆದ ಬಣ್ಣದ ನೀರು ದಬದಬ ಸುರಿಯಿತು.

ರಾಯರು ಬೊಗಸೆ ತುಂಬ ಹಿಡಿದು ಕುಡಿದು ಕಣ್ಣು ಮುಚ್ಚಿದರು. “ಈ ಬಣ್ಣ ಇದೆಯಲ್ಲ, ಇದು ಕಬ್ಬಿಣ. ರಕ್ತಕ್ಕೆ ಒಳ್ಳೇದು.”

ಪುಟ್ಟಣ್ಣನೂ ಕುಡಿದ. ಅವನ ಮುಖ ಒಮ್ಮೆ ಕಿವುಚಿಕೊಂಡಿತು. ಆದರೆ ಷಟರ್ ಇಳಿಸಿ ಬಂದವನು ಅವನು, ಊರಿಗೆಲ್ಲ ಫೋನು ಮಾಡಿದವನೂ ಅವನೇ. “ಎಳನೀರಿದ್ದಂಗೈತೆ,” ಎಂದ.

ಅಷ್ಟಾದ ಮೇಲೆ ಖಾಲಿ ಬಿಂದಿಗೆ ಹಿಡಿದು ಮನೆಗೆ ಹೋಗಲು ಯಾರು ತಯಾರಿರುತ್ತಾರೆ?

ಹನುಮಂತಯ್ಯ ಮೂಲೆಗೆ ಹೋಗಿ ಚನ್ನವೀರಪ್ಪನವರಿಗೆ ಫೋನು ಹಚ್ಚಿದ. “ಸಾರ್, ನನಗೆ ಸಾಫ್ಟ್‌ನರ್ ಬೇಕು, ಈಗಲೇ ಕಳಿಸಿ. ಅದಿಲ್ಲಾಂದ್ರೆ ಫಿಲ್ಟರ್ ಕಳಿಸಿ. ಯಾವುದಾದ್ರೂ ಸರಿ.”

ಆ ಕಡೆಯಿಂದ ಚನ್ನವೀರಪ್ಪನವರ ದನಿ ಬಂತು. “ಎಂಥಾ ದೊಡ್ಡ ಮನಸ್ಸ್ರಿ ನಿಮ್ದು. ನನ್ನ ವ್ಯಾಪಾರ ಹೋತು ಅಂತ ಮರುಗಿ ತೊಗೊಳ್ಳಾಕ ಹತ್ತೀರಿ. ಬ್ಯಾಡ್ರಿ ಸರ, ನಾ ಕೊಡಂಗಿಲ್ಲ.” ಫೋನು ಕಟ್ಟಾಯಿತು.

ಮಧ್ಯಾಹ್ನದವರೆಗೆ ಮೋಟರು ಓಡಿತು. ಪಕ್ಕದ ಬೀದಿಯವರೂ ಬಂದರು. ರಾಯರು ವರ್ತೂರಿನ ಮಗಳಿಗೆಂದು ಮೂರು ಕ್ಯಾನು ಬೇರೆ ತುಂಬಿಸಿಟ್ಟರು. ಆಮೇಲೆ ನಲ್ಲಿ ಮುದುಕನ ಹಾಗೆ ಕ್ಯಾಕರಿಸಿತು, ಸ್ವಲ್ಪ ಕೆಸರು ಉಗುಳಿತು, ಉಸ್ಸೆಂದು ಗಾಳಿ ಬಿಟ್ಟಿತು. ಬೋರು ಬತ್ತಿತ್ತು.

“ಮೋಟರು ಆರಿಸ್ಬಿಟ್ಟ, ಜಿಪುಣ,” ಎಂದು ಗೊಣಗುತ್ತಾ ರುದ್ರಮ್ಮ ಕೊಡ ಎತ್ತಿಕೊಂಡು ಹೋದಳು. ಉಳಿದವರೂ ಅದನ್ನೇ ಅನ್ನುತ್ತಾ ಹೋದರು.

ಹನುಮಂತಯ್ಯ ಸಂಪಿನ ಮುಚ್ಚಳದ ಮೇಲೆ ಕುಸಿದು ಕೂತ. ಹೊಟ್ಟೆಯೊಳಗೆ ಇನ್ನೊಂದು ಮೋಟರು ಓಡುತ್ತಿತ್ತು. ಅತ್ತೆ ಸೊಸೆ ಜೊತೆಯಾಗಿ ಹೊರಗೆ ಬರುವುದು ಕಂಡು ಅವನ ಕಣ್ಣಲ್ಲಿ ಆಸೆ ಮೂಡಿತು. ನೀರು ಹೋದರೆ ಹೋಗಲಿ, ಜಗಳವಾದರೂ ಹೋಯಿತಲ್ಲ.

“ರೀ, ನಿಮ್ಮಮ್ಮನಿಗೆ ಹೇಳಿ,” ಎಂದಳು ಶಶಿಕಲಾ, “ಇನ್ನು ಟ್ಯಾಂಕರ್ ತರಿಸ್ದೆ ಬೇರೆ ದಾರಿ ಇಲ್ಲ.”

“ನಿನ್ ಎಂಡ್ತಿಗೆ ಯೋಳು,” ಎಂದಳು ಸೊಣ್ಣಮ್ಮ, “ಟ್ಯಾಂಕ್ರು ನೀರು ಯಾವ ಕೆರೇದೋ ಏನೋ, ನನ್ ದೇವ್ರಿಗೆ ಆಗಾಕಿಲ್ಲ. ಅದೇ ಬೋರ್ನ ಇನ್ನೂ ಆಳುಕ್ಕೆ ಕೊರ್ಸ್ಲಿ.”

ಇಬ್ಬರೂ ಸೊಂಟಕ್ಕೆ ಕೈಯಿಟ್ಟು ಅವನ ಎರಡೂ ಪಕ್ಕ ನಿಂತರು.

“ಯಾವುದು ಅಂತ ನೀವೇ ಹೇಳಿ.”

“ಊಂ, ನೀನೇ ಯೋಳು.”

ಹನುಮಂತಯ್ಯ ಬಾಯಿ ತೆರೆದ. ಬರೀ ಗಾಳಿ ಬಂತು.